ಅವಳಿ ಜೇಬು

ಬಾಗಿಲು ತೆರೆದವಳ ಮೈಮೇಲೆ ಬಸ್ ಡ್ರೈವರಿನ ಸಮವಸ್ತ್ರವಿತ್ತು, ಕೈಯಲ್ಲೊಂದು ಕಾಗದವಿತ್ತು. ಹೊಸಿಲಾಚೆ ನಿಂತಿದ್ದ ಕೇಬಲಕ್ಕನನ್ನು ಅವಳು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಕೊರಳಲ್ಲಿ ಇಳಿಬಿದ್ದಿದ್ದ ಕಪ್ಪು ಕೇಬಲನ್ನು ಇನ್ನೊಮ್ಮೆ ನೋಡಿದಳು.

"ಇದನ್ನ ಬರೆದಿದ್ದು ನೀವೇನಾ?"

"ಹೌದಮ್ಮಾ, ನಾನೇ."

"ಓದ್ಲಾ?"

"ಬೇಡ, ಗೊತ್ತಿದೆ."

ಆದರೂ ಓದಿದಳು, ಮುಂದಿನ ನಿಲ್ದಾಣದ ಹೆಸರು ಕೂಗುವ ದನಿಯಲ್ಲಿ. "‘ನಮ್ಮ ದಾಖಲೆಯ ಪ್ರಕಾರ ಮಂಗಳವಾರ ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ತಮ್ಮ ಪತಿಯವರ ಫೋನ್ ಕಂಪಿಸಿದೆ. ಅವರು ಗಮನಿಸದೆ ಇದ್ದಿರಬಹುದು.’ ಗಮನಿಸದೆ! ನಮ್ಮನೆಯವರಿಗೆ ಕಿವಿ ಕೇಳಲ್ಲ, ನಿಜ. ಗಮನ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ?"

ಕೇಬಲಕ್ಕನ ಮುಖ ಸಣ್ಣದಾಯಿತು. ಆ ಫೋನನ್ನು ಕಂಪಿಸಬೇಕಾದ ಆ್ಯಪ್ ಅವಳದೇ ಕೈಕೂಸು. ಕಿವಿ ಕೇಳದ ತಂದೆತಾಯಂದಿರಿಗೆಂದು ಎರಡು ವರ್ಷ ಕೂತು ಬರೆದದ್ದು. ತೊಟ್ಟಿಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪೆಟ್ಟಿಗೆ ಸಿಕ್ಕಿಸಬೇಕು. ಮಗು ಅತ್ತರೆ ಅದು ಫೋನಿಗೆ ಸುದ್ದಿ ಕಳಿಸುತ್ತದೆ, ಜೇಬಿನಲ್ಲಿರುವ ಫೋನು ಗಡಗಡ ನಡುಗಿ ಅಪ್ಪನನ್ನೋ ಅಮ್ಮನನ್ನೋ ಎಬ್ಬಿಸುತ್ತದೆ. ಮುನ್ನೂರಕ್ಕೂ ಹೆಚ್ಚು ಮನೆಗಳಲ್ಲಿ ಅದನ್ನು ನಂಬಿ ಮಕ್ಕಳನ್ನು ಮಲಗಿಸುತ್ತಿದ್ದರು. ಯಾರಾದರೂ ತಕರಾರು ತೆಗೆದರೆ ಕೇಬಲಕ್ಕ ಮೊದಲು ಮಾಡುವ ಕೆಲಸ, ಕೊರಳಿನ ಕೇಬಲ್ ತೆಗೆದು ಫೋನನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನು ಒಳಗೊಳಗೇ ಬರೆದಿಟ್ಟುಕೊಂಡ ದಿನಚರಿ ಓದುವುದು. ವೈದ್ಯರಿಗೆ ಸ್ಟೆತಸ್ಕೋಪ್ ಹೇಗೋ ಅವಳಿಗೆ ಅದು. ಆಫೀಸಿನವರು ಹೆಸರಿಟ್ಟದ್ದೂ ಅದಕ್ಕೇ.

"ಒಳಗೆ ಬರ್ಲಾ?" ಎಂದು ಅವಳೇ ಕೇಳಬೇಕಾಯಿತು.

ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಕಿಟಕಿಯ ಬೆಳಕಿಗೆ ಮೆಷಿನ್, ಪಕ್ಕದಲ್ಲಿ ಇಸ್ತ್ರಿ ಮೇಜು, ಗೋಡೆಗೆ ಸಾಲಾಗಿ ನೇತುಬಿದ್ದ ತೋಳಿಲ್ಲದ ಕೋಟುಗಳು. ಹತ್ತಡಿ ಆಚೆಗೆ, ದರ್ಜಿಯ ಬೆನ್ನ ಹಿಂದೆ, ತೊಟ್ಟಿಲು. ಅದರಲ್ಲಿ ಏಳು ತಿಂಗಳ ಪುಟ್ಟಿ ತನ್ನ ಕಾಲ್ಬೆರಳನ್ನೇ ಬಾಯಿಗಿಟ್ಟುಕೊಂಡು ಗಂಭೀರವಾಗಿ ಚೀಪುತ್ತಿದ್ದಳು. ಡ್ರೈವರಮ್ಮ ಇಸ್ತ್ರಿ ಮೇಜನ್ನು ಎರಡು ಸಲ ಬಡಿದಳು. ನಡುಕ ನೆಲದಿಂದ ಹತ್ತಿ ಬಂದು ದರ್ಜಿ ತಲೆಯೆತ್ತಿದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಅವನ ಕಿವಿ ಕೊಂಡೊಯ್ದು ಮಾತು ಉಳಿಸಿ ಹೋಗಿತ್ತು. ಎದುರಿನವರ ತುಟಿ ನೋಡಿ ಎಲ್ಲವನ್ನೂ ತಿಳಿದುಕೊಳ್ಳುತ್ತಿದ್ದ. ದನಿ ಮಾತ್ರ ತನಗೆ ಬೇಕಾದ ಕಡೆ ಏರಿಳಿಯುತ್ತಿತ್ತು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಸೂಜಿ ಇದಾವೆ, ನೋಡ್ಕೊಂಡು ಕೂತ್ಕೊಳ್ಳಿ."

"ಉಪಚಾರ ಆಮೇಲೆ," ಎಂದಳು ಡ್ರೈವರಮ್ಮ. "ಮೇಡಂ, ಮೂರು ತಿಂಗಳು ಈ ಆ್ಯಪ್ ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ. ಇದನ್ನ ನಂಬಿಯೇ ನಾನು ಕೆಲಸಕ್ಕೆ ವಾಪಸ್ ಹೋದೆ. ಮಂಗಳವಾರ ಎರಡು ಟ್ರಿಪ್ಪಿನ ಮಧ್ಯೆ ಮನೆಗೆ ಬಂದೆ. ಅಳೋದಕ್ಕೂ ತ್ರಾಣ ಇಲ್ಲದೆ ಬಿಕ್ತಾ ಇತ್ತು ಮಗು. ಗಂಟಲು ಕಟ್ಟೋಗಿತ್ತು. ಇವರು ಬೆನ್ನು ಹಾಕ್ಕೊಂಡು ಪ್ಯಾಂಟಿನ ಅಂಚು ಹೊಲೀತಾ ಕೂತಿದ್ರು. ನನ್ನ ನೋಡಿ ನಕ್ರು ಮೇಡಂ. ಏನೂ ಗೊತ್ತಿಲ್ದೆ, ‘ಬಂದ್ಯಾ’ ಅಂತ ನಕ್ರು."

ದರ್ಜಿ ಕಣ್ಣು ಕೆಳಗೆ ಹಾಕಿದ. ಕೆಳಗೆ ಹಾಕಿದರೆ ತುಟಿ ಕಾಣುವುದಿಲ್ಲ, ಮಾತು ನಿಂತು ಹೋಗುತ್ತದೆ.

"ಭಾನುವಾರ ನಮ್ಮಕ್ಕ ಬರ್ತಾಳೆ. ಅಷ್ಟರೊಳಗೆ ಸರಿಹೋದ್ರೆ ಸರಿ. ಇಲ್ಲ ಅಂದ್ರೆ ಪುಟ್ಟೀನ ಕರ್ಕೊಂಡು ಹೋಗ್ತಾಳೆ, ಶಾಲೆಗೆ ಸೇರಿಸೋ ವಯಸ್ಸಿನವರೆಗೂ ಅವಳ ಹತ್ರಾನೇ."

"ರೈಲಲ್ಲಿ ಮೂರು ಗಂಟೆ," ಎಂದ ದರ್ಜಿ, ಅವಳ ತುಟಿ ನೋಡದೆಯೇ. ಆ ಮಾತು ಅವನಿಗೆ ಬಾಯಿಪಾಠವಾಗಿರಬೇಕು.

ಕೇಬಲಕ್ಕ ಕೇಬಲ್ ತೆಗೆದಳು. ದರ್ಜಿಯ ಫೋನಿಗೆ ಒಂದು ತುದಿ, ಲ್ಯಾಪ್‌ಟಾಪಿಗೆ ಇನ್ನೊಂದು. ಯಾವುದೋ ಮಗು ಅತ್ತ ಧ್ವನಿಮುದ್ರಣವನ್ನು ತೊಟ್ಟಿಲ ಪೆಟ್ಟಿಗೆಯ ಪಕ್ಕ ಹಾಕಿದಳು. ಫೋನು ಗಡಗಡ ನಡುಗಿ ಮೇಜಿನ ಮೇಲೆ ಗೇಣುದ್ದ ಸರಿಯಿತು. ಇನ್ನೊಮ್ಮೆ ಹಾಕಿದಳು. ಹತ್ತು ಸಲ ಹಾಕಿದಳು, ಹತ್ತಕ್ಕೆ ಹತ್ತು. ಪುಟ್ಟಿ ಕಾಲ್ಬೆರಳು ಬಿಟ್ಟು, ಇದ್ಯಾವುದಪ್ಪಾ ಅಳುಬುರುಕ ಮಗು ಎಂಬಂತೆ ನೋಡಿದಳು.

"ನೀವು ಬಂದ್ರೆ ಸರಿಯಾಗೇ ಇರತ್ತೆ," ಎಂದಳು ಡ್ರೈವರಮ್ಮ. "ನಮ್ಮ ಡಿಪೋದಲ್ಲೂ ಅಷ್ಟೇ. ಬ್ರೇಕ್ ಕಿರುಚತ್ತೆ ಅಂತ ಮೆಕ್ಯಾನಿಕ್‌ನ ಕರೆದ್ರೆ, ಅವನು ಹತ್ತಿದ ತಕ್ಷಣ ಬಸ್ಸು ಬೆಣ್ಣೆ ಹಾಗೆ ನಿಲ್ಲತ್ತೆ."

ಮಂಗಳವಾರದ ದಿನಚರಿ ತೆಗೆದು ನೋಡಿದರೆ ಅದೇ ಸಾಲು: ಹನ್ನೊಂದು ನಲವತ್ತೆರಡು, ಅಳು ಕೇಳಿಸಿತು. ಹನ್ನೊಂದು ನಲವತ್ತೆರಡು, ಫೋನ್ ಕಂಪಿಸಿತು. ಕೇಬಲಕ್ಕ ಗಂಟಲು ಸರಿಮಾಡಿಕೊಂಡಳು. ದರ್ಜಿಯ ಕಡೆ ತಿರುಗಿ ತುಟಿ ಚೆನ್ನಾಗಿ ಕಾಣುವಂತೆ, "ಮಾಸ್ಟ್ರೇ, ತಪ್ಪು ತಿಳ್ಕೋಬೇಡಿ. ಮೆಷಿನ್ ತುಳೀತಾ ಇದ್ದಾಗ ಅದರ ಅಲುಗಾಟದಲ್ಲಿ ಫೋನಿನ ಅಲುಗಾಟ ಕಲೆತು ಹೋಗಿರಬಹುದಲ್ವಾ?" ಎಂದಳು.

ದರ್ಜಿ ಸಿಟ್ಟಾಗಲಿಲ್ಲ. ನಕ್ಕ. ಎದ್ದು ಅವಳಿಗೆ ಬೆನ್ನು ಹಾಕಿ ನಿಂತು ಇಸ್ತ್ರಿ ಮೇಜಿನ ಮೇಲೆ ಅಂಗೈ ಊರಿದ. ಕಣ್ಣು ಮುಚ್ಚಿಕೊಂಡ.

"ಕೆಳಗೆ ರಸ್ತೇಲಿ ಭಾರದ ಗಾಡಿ ಹೋಗ್ತಿದೆ. ಮೇಲಿನ ಮನೆಯವರು ಬಟ್ಟೆ ಒಗೆಯೋ ಮೆಷಿನ್ ಹಾಕಿದಾರೆ, ಹಿಂಡೋ ಸುತ್ತಿಗೆ ಬಂದಿದೆ. ನಮ್ಮವಳು ಬೂಟು ಹಾಕ್ಕೊಂಡಾಯ್ತು. ನೀವು ಒಂದು ಕಾಲು ಕುಣಿಸ್ತಿದೀರಿ."

ಕೇಬಲಕ್ಕ ಥಟ್ಟನೆ ಕಾಲು ನಿಲ್ಲಿಸಿದಳು.

"ಈಗ ನಿಲ್ಲಿಸಿದ್ರಿ," ಎಂದ ದರ್ಜಿ. ತಿರುಗಿ ನಿಂತ. "ಬಾಬಿನ್ನಿನಲ್ಲಿ ನೂಲು ಇನ್ನೊಂದು ಮಾರು ಇದೆ ಅನ್ನುವಾಗಲೇ ನನ್ನ ಬೆರಳಿಗೆ ಗೊತ್ತಾಗತ್ತೆ ಅಕ್ಕಾ. ಎದೆ ಮೇಲಿರೋ ಫೋನು ಒದ್ದಾಡಿದ್ರೆ ಗೊತ್ತಾಗಲ್ವಾ? ಅದು ನಡುಗಲಿಲ್ಲ."

ಕೇಬಲಕ್ಕ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ಅವನ ಬೆರಳುಗಳನ್ನು ನೋಡಿದಳು. ಇಪ್ಪತ್ತು ವರ್ಷದಿಂದ ಅವಳು ಎಷ್ಟೋ ಯಂತ್ರಗಳನ್ನು ಬಿಚ್ಚಿ ನೋಡಿದ್ದಳು, ಇಂಥದೊಂದನ್ನು ಕಂಡಿರಲಿಲ್ಲ. ಇಲ್ಲಿ ಎರಡು ಹೇಳಿಕೆಗಳಿದ್ದವು. ನಡುಗಿದೆ ಅನ್ನುತ್ತದೆ ಫೋನು. ನಡುಗಲಿಲ್ಲ ಅನ್ನುತ್ತಾನೆ ದರ್ಜಿ. ಇಷ್ಟು ದಿನ ಅವಳು ಫೋನಿನ ಮಾತನ್ನು ಫೋನಿನಿಂದಲೇ ಕೇಳಿ ತೀರ್ಪು ಕೊಟ್ಟಿದ್ದಳು. ಆಪಾದಿತನೇ ಸಾಕ್ಷಿ, ಆಪಾದಿತನೇ ಗುಮಾಸ್ತ.

"ಇನ್ನೊಂದು ಫೋನ್ ಬೇಕು," ಎಂದಳು.

"ಇದನ್ನ ಬಿಸಾಕಿ ಹೊಸದು ತೊಗೋಬೇಕಾ?" ಡ್ರೈವರಮ್ಮನ ಹುಬ್ಬು ಗಂಟಿಕ್ಕಿತು.

"ಅಲ್ಲಮ್ಮಾ. ಇದರ ಬೆನ್ನಿಗೆ ಬೆನ್ನು ತಾಗಿಸಿ ಇನ್ನೊಂದು. ಫೋನನ್ನ ಅಡ್ಡ ಹಿಡಿದ್ರೆ ಚಿತ್ರವೂ ಅಡ್ಡ ತಿರುಗತ್ತಲ್ಲ? ಯಾಕಂದ್ರೆ ತಾನು ಅಲುಗಾಡಿದ್ದು ಅದಕ್ಕೆ ಗೊತ್ತಾಗತ್ತೆ. ನನ್ನ ಈ ಹಳೇ ಫೋನಿಗೆ ಒಂದೇ ಕೆಲಸ ಕೊಡ್ತೀನಿ: ಅಲುಗಾಡಿದ್ದನ್ನೆಲ್ಲ ಗೆರೆ ಎಳೆದು ಬರ್ಕೋ ಅಂತ. ಪಕ್ಕದವನು ನಿಜವಾಗಿ ನಡುಗಿದ್ರೆ ಇವನೂ ನಡುಗಲೇಬೇಕು."

ದರ್ಜಿ ಅವಳ ತುಟಿಯಿಂದ ಕಣ್ಣು ಕೀಳದೆ ಕೇಳಿಸಿಕೊಂಡ. ಕೇಬಲಕ್ಕ ತನ್ನ ಚೀಲ ತಡಕಿ ರಬ್ಬರ್ ಬ್ಯಾಂಡೊಂದನ್ನು ತೆಗೆದು ಎರಡೂ ಫೋನುಗಳಿಗೆ ಸುತ್ತಿದಳು. ಒಂದು ಜಾರಿತು. ಬಿಗಿಮಾಡಿದರೆ ಬ್ಯಾಂಡು ಬದಿಯ ಗುಂಡಿ ಒತ್ತಿ ಫೋನೇ ಆರಿಹೋಯಿತು.

"ಕೊಡಿ ಇಲ್ಲಿ," ಎಂದ ದರ್ಜಿ. ರಬ್ಬರ್ ಬ್ಯಾಂಡನ್ನು ಎರಡು ಬೆರಳಲ್ಲಿ ಎತ್ತಿ ಬದಿಗಿಟ್ಟ ರೀತಿಯಲ್ಲೇ ಅದರ ಬಗ್ಗೆ ಅವನ ಅಭಿಪ್ರಾಯವೇನೆಂಬುದು ತಿಳಿಯಿತು. ಟೇಪು ಹಿಡಿದು ಎರಡೂ ಫೋನುಗಳ ಉದ್ದ, ಅಗಲ, ದಪ್ಪ ಅಳೆದ. ಗುಂಡಿಗಳು ಎಲ್ಲೆಲ್ಲಿವೆ ಎಂದು ಬೆರಳಿನಿಂದ ನೋಡಿಕೊಂಡ. ಪ್ಯಾಟರ್ನಿಗೆ ಗಟ್ಟಿ ಕಾಗದ ಬೇಕಿತ್ತು. ಹೆಂಡತಿಯ ಕೈಯಲ್ಲಿದ್ದ ಪತ್ರ ಕಣ್ಣಿಗೆ ಬಿತ್ತು. "ತಾ ಅದನ್ನ. ಯಾವ ಕೆಲಸಕ್ಕಾದ್ರೂ ಬರ್ಲಿ," ಎಂದು ಈಸಿಕೊಂಡು, ಕೇಬಲಕ್ಕನ ಸಹಿಯ ಮೇಲೆಯೇ ಪೆನ್ಸಿಲ್ ಎಳೆದು ಕತ್ತರಿಸಿದ. ಡ್ರೈವರಮ್ಮನ ಮುಖದಲ್ಲಿ ಆ ಬೆಳಿಗ್ಗೆಯ ಮೊದಲ ನಗು ಕಾಣಿಸಿಕೊಂಡು ಮಾಯವಾಯಿತು.

"ಮಧ್ಯದ ಗೋಡೆ ದಪ್ಪ ಇರ್ಲೋ, ತೆಳು ಇರ್ಲೋ?"

ಕೇಬಲಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ.

"ದಪ್ಪ ಬಟ್ಟೆ ನಡುಕ ನುಂಗಿ ಹಾಕತ್ತೆ," ಎಂದು ಅವನೇ ಉತ್ತರಿಸಿಕೊಂಡ. ಹೊರಗೆ ಒರಟು ಕ್ಯಾನ್ವಾಸು, ನಡುವೆ ಕೋಟಿನ ಒಳಪದರಕ್ಕೆ ಹಾಕುವ ನುಣುಪು ಬಟ್ಟೆ, ಒಂದೇ ಪದರ. ಮೂಲೆಗಳಲ್ಲಿ ಎರಡೆರಡು ಹೊಲಿಗೆ, ಗುಂಡಿಗಳಿರುವ ಕಡೆ ಅರ್ಧಚಂದ್ರದ ಹಾಗೆ ಬಟ್ಟೆ ಕೊರೆದು ಅಂಚು ಮಡಿಸಿದ. ನೆರಿಗೆಯಿಲ್ಲ, ಸೊಟ್ಟಿಲ್ಲ. ಪಕ್ಕದಲ್ಲಿ ಕೂತು ತನ್ನ ಹಳೇ ಫೋನಿಗೆ ನಾಲ್ಕು ಸಾಲಿನ ಕೆಲಸ ಬರೆಯುತ್ತಿದ್ದ ಕೇಬಲಕ್ಕ ಮೂರು ಸಲ ತಪ್ಪಿದಳು. ಕಣ್ಣು ಪದೇ ಪದೇ ಅವನ ಕೈಯ ಕಡೆಗೇ ಹೋಗುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಅವಳಿ ಜೇಬು ಸಿದ್ಧ. ಎರಡು ಫೋನುಗಳೂ ಒಂದರ ಬೆನ್ನಿಗೊಂದು ಒರಗಿ, ತೊಟ್ಟಿಲಲ್ಲಿ ಮಲಗಿದ ಅವಳಿ ಮಕ್ಕಳ ಹಾಗೆ ಅದರಲ್ಲಿ ಕೂತವು.

"ಮಾಸ್ಟ್ರೇ, ಕೆಳಗೊಂದು ತೂತು ಬಿಡಿ. ಕೇಬಲ್ ಹೋಗಬೇಕು."

"ಕೇಬಲ್ ಯಾಕೆ?"

"ಒಳಗೇನಾಗ್ತಿದೆ ಅಂತ ಕಾಣಬೇಕಲ್ಲ. ಕೇಬಲ್ ಇಲ್ದೆ ನಾನು ಯಾವತ್ತೂ ನೋಡಿಲ್ಲ."

ದರ್ಜಿ ಕತ್ತರಿ ಕೆಳಗಿಟ್ಟ. "ಅಕ್ಕಾ, ಅಳತೆ ತೊಗೊಳ್ಳೋವಾಗ ಜನ ಏನು ಮಾಡ್ತಾರೆ ಗೊತ್ತಾ? ಟೇಪು ಸೊಂಟಕ್ಕೆ ಬಂದ ತಕ್ಷಣ ಹೊಟ್ಟೆ ಒಳಗೆ ಎಳ್ಕೊಂಡು ನಿಂತ್ಕೋತಾರೆ. ಆ ಅಳತೆಗೆ ಹೊಲಿದ್ರೆ ಊಟಕ್ಕೆ ಕೂತಾಗ ಗುಂಡಿ ಹಾರತ್ತೆ. ಅದಕ್ಕೇ ನಾನು ಟೇಪು ಹಿಡ್ಕೊಂಡು ಮನೆ ಕಡೆ ಸಮಾಚಾರ ಕೇಳ್ತೀನಿ. ಮಾತಾಡಿದ್ರೆ ಉಸಿರು ಬಿಡಲೇಬೇಕು, ಹೊಟ್ಟೆ ಹೊರಗೆ ಬರತ್ತೆ. ಆಗ ಅಳೀತೀನಿ. ನಿಮ್ಮ ಫೋನೂ ಕೇಬಲ್ ಕಂಡ್ರೆ ಹೊಟ್ಟೆ ಎಳ್ಕೊಂಡು ನಿಲ್ಲತ್ತೋ ಏನೋ. ಮಂಗಳವಾರ ನನ್ನ ಜೇಬಿನಲ್ಲಿ ಬಾಲ ಇರ್ಲಿಲ್ಲ. ಇವತ್ತೂ ಬೇಡ."

ಕೇಬಲಕ್ಕನ ಕಣ್ಣ ಮುಂದೆ ಆಫೀಸಿನ ಪರೀಕ್ಷೆಯ ಮೇಜು ಬಂದು ನಿಂತಿತು. ಹನ್ನೊಂದು ಫೋನು, ಹನ್ನೊಂದು ಕೇಬಲ್. ಹಗಲಿಡೀ ಹಾಲು ಕುಡಿಯುತ್ತಲೇ ಇರುವ ಮಕ್ಕಳಂತೆ ನೂರಕ್ಕೆ ನೂರು ಚಾರ್ಜ್ ತುಂಬಿಕೊಂಡು ಸಾಲಾಗಿ ಕೂತವು. ಒಂದೂ ಯಾವತ್ತೂ ಹಸಿದದ್ದಿಲ್ಲ. ಅವಳು ಕೇಬಲ್ ಸುತ್ತಿ ಚೀಲಕ್ಕೆ ಹಾಕಿದಳು.

ಹನ್ನೊಂದು ಗಂಟೆಗೆ ಡ್ರೈವರಮ್ಮ ಪಾಳಿಗೆ ಹೊರಟಳು. ಪುಟ್ಟಿಯ ಕೆನ್ನೆ ಮುಟ್ಟಿ, ಗಂಡನ ಭುಜ ತಟ್ಟಿ, ಕೇಬಲಕ್ಕನಿಗೆ ಮಾತ್ರ ಬೆರಳೆತ್ತಿ ತೋರಿಸಿದಳು. "ಐದೂವರೆಗೆ ಬರ್ತೀನಿ. ಮಗು ಅತ್ತು ಅತ್ತು ಸುಸ್ತಾಗಿದ್ರೆ ನಿಮ್ಮನ್ನ ಬಸ್ಸಿಗೆ ಕಟ್ಟಿ ಎಳೀತೀನಿ."

ದರ್ಜಿ ಅವಳಿ ಜೇಬನ್ನು ಅಂಗಿಯ ಎದೆಗೆ ಪಿನ್ ಹಾಕಿ ಸಿಕ್ಕಿಸಿಕೊಂಡು ಮೆಷಿನ್ನಿನ ಮುಂದೆ ಕೂತ. ಒಪ್ಪಂದ ಇಷ್ಟು: ಮಗು ಅತ್ತರೆ ಕೇಬಲಕ್ಕ ಇಪ್ಪತ್ತರವರೆಗೆ ಎಣಿಸಬೇಕು. ಅಷ್ಟರಲ್ಲಿ ಅವನು ಏಳದಿದ್ದರೆ ಭುಜ ತಟ್ಟಬೇಕು. ಅದಕ್ಕಿಂತ ಮುಂಚೆ ಮಿಸುಕಬಾರದು, ಅವಳ ಕಾಲು ಅಲುಗಿದರೂ ಅವನಿಗೆ ತಿಳಿಯುತ್ತದೆ.

ಪುಟ್ಟಿ ನಿದ್ದೆಹೋದಳು. ಮೆಷಿನ್ ಒಂದೇ ಸಮ ಓಡಿತು. ಮುಕ್ಕಾಲು ಗಂಟೆಯ ಮೇಲೆ ತೊಟ್ಟಿಲಿನಿಂದ ಕೊಸರಾಟ, ಕುಂಯ್‌ಗುಟ್ಟುವಿಕೆ, ಆಮೇಲೆ ನಿಜವಾದ ಅಳು. ಒಂದು, ಎರಡು, ಮೂರು. ದರ್ಜಿಯ ಬೆನ್ನು ಅಲುಗಲಿಲ್ಲ. ಏಳು, ಎಂಟು. ಮಗು ಕೈಯೆತ್ತಿ, ಎದುರಿಗೆ ಕಾಣುವ ಅಪ್ಪನ ಬೆನ್ನನ್ನೇ ನೋಡುತ್ತ ಅಳುತ್ತಿತ್ತು. ಹನ್ನೆರಡು. ಇಬ್ಬರು ಮಕ್ಕಳನ್ನು ಸಾಕಿದ ಕೇಬಲಕ್ಕನ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡು ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದಳು. ಇಂಥ ಇಪ್ಪತ್ತುಗಳು ಮಂಗಳವಾರ ಎಷ್ಟು ಕಳೆದಿದ್ದವೋ. ಹದಿನೆಂಟು, ಹತ್ತೊಂಬತ್ತು.

ಭುಜ ಮುಟ್ಟಿದ್ದೇ ತಡ, ದರ್ಜಿ ಕುರ್ಚಿ ಕೆಡವಿಕೊಂಡು ಎದ್ದ. ಮಗಳನ್ನೆತ್ತಿ ಎದೆಗವುಚಿಕೊಂಡ. ಅವಳ ಬಿಕ್ಕು ಅವನ ಮೈಗೆ ತಾಗುತ್ತಿದ್ದಿರಬೇಕು, ಬಿಕ್ಕು ಬಿಕ್ಕಿಗೂ ಅವನ ಕಣ್ಣು ಚುಚ್ಚಿದಂತೆ ಮುಚ್ಚಿಕೊಳ್ಳುತ್ತಿತ್ತು.

"ನಡುಗಲಿಲ್ಲ," ಎಂದ. ಈ ಸಲ ದನಿ ತೀರ ಕೆಳಗಿತ್ತು.

ಮಗು ಸಮಾಧಾನವಾದ ಮೇಲೆ ಇಬ್ಬರೂ ಫೋನುಗಳ ಮುಂದೆ ಕೂತರು. ಈ ಸಲ ಕೇಬಲ್ ಇಲ್ಲದೆ ವೈಫೈಯಲ್ಲೇ ತೆಗೆದ ದರ್ಜಿಯ ಫೋನಿನ ದಿನಚರಿಯಲ್ಲಿ ಎಂದಿನ ಸಾಲು: ಫೋನ್ ಕಂಪಿಸಿತು. ಎರಡನೆಯ ಫೋನು ಎಳೆದ ಗೆರೆ ಬೇರೆಯೇ ಕಥೆ ಹೇಳಿತು. ಉದ್ದಕ್ಕೂ ಹುಲ್ಲು ಹಾಸಿದ ಹಾಗೆ ಸಣ್ಣಸಣ್ಣ ಏರಿಳಿತ.

"ಇದು ನನ್ನ ಮೆಷಿನ್," ಎಂದು ದರ್ಜಿ ಬೆರಳಿಟ್ಟು ತೋರಿಸಿದ. "ಇಲ್ಲಿ ಹುಲ್ಲಿಲ್ಲ ನೋಡಿ, ನೂಲು ಬದಲಾಯಿಸಿದೆ. ಇಲ್ಲಿ ನಿಧಾನ ಆಗಿದೆ, ಕಾಲರಿನ ತಿರುವು."

ಮಗು ಅತ್ತ ಹೊತ್ತಿನಲ್ಲಿ ಬರೀ ಹುಲ್ಲು. ಹುಲ್ಲಿನ ನಡುವೆ ಎದ್ದು ನಿಲ್ಲಬೇಕಾಗಿದ್ದ ಮರ ಒಂದೂ ಇಲ್ಲ. ಫೋನು ನಡುಗಿರಲೇ ಇಲ್ಲ.

ಕೇಬಲಕ್ಕ ದರ್ಜಿಯ ಫೋನಿನ ದಿನಚರಿಗೆ ಮರಳಿದಳು. ‘ಫೋನ್ ಕಂಪಿಸಿತು’ ಎಂಬ ಸಾಲನ್ನು ಬರೆದವರು ಯಾರು? ಅವಳೇ. ಎರಡು ವರ್ಷದ ಹಿಂದೆ, ಯಾವುದೋ ಅವಸರದ ಮಧ್ಯಾಹ್ನ. ‘ಕಂಪಿಸು’ ಎಂದು ಫೋನಿಗೆ ಆಜ್ಞೆ ಕೊಟ್ಟು, ಅದು ಕೇಳಿತೋ ಬಿಟ್ಟಿತೋ ತಿರುಗಿ ನೋಡದೆ, ಕೇಳಿತು ಎಂದು ದಾಖಲೆ ಮಾಡಿ ಎದ್ದುಹೋಗಿದ್ದಳು. ಆ ಒಂದು ಸಾಲಿನ ಬಲದ ಮೇಲೆ ಈ ಮನುಷ್ಯನಿಗೆ ಗಮನವಿಲ್ಲ ಎಂದು ಪತ್ರ ಬರೆದಿದ್ದಳು.

ಮುಂದಿನದು ಸುಲಭವಾಯಿತು. "ಫೋನಲ್ಲಿ ಇತ್ತೀಚೆಗೆ ಏನಾದ್ರೂ ಬದಲಾಯಿಸಿದ್ರಾ ಮಾಸ್ಟ್ರೇ?" ಎಂದರೆ, ಬ್ಯಾಟರಿ ಬೇಗ ಇಳಿಯುತ್ತದೆಂದು ಹೋದ ವಾರವಷ್ಟೇ ಬ್ಯಾಟರಿ ಉಳಿಸುವ ಗುಂಡಿ ಒತ್ತಿಟ್ಟಿದ್ದ. ಆ ಗುಂಡಿ ಒತ್ತಿದ ಫೋನು ಜೇಬಿನೊಳಗೆ ಮಲಗಿದಾಗ, ಆ್ಯಪ್‌ಗಳು ನಡುಗು ಅಂದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಲಾರಂ ಮತ್ತು ಕರೆಗೆ ಮಾತ್ರ ಏಳುತ್ತದೆ. ಕೇಬಲ್ ಚುಚ್ಚಿದರೆ ಚಾರ್ಜ್ ಹರಿಯುತ್ತದೆ, ಉಳಿತಾಯ ತಾನಾಗಿ ನಿಲ್ಲುತ್ತದೆ, ಫೋನು ಶಿಸ್ತಿನ ಸಿಪಾಯಿಯಾಗುತ್ತದೆ. ರೋಗ ಹುಡುಕಲು ಅವಳು ಒಯ್ಯುತ್ತಿದ್ದ ಉಪಕರಣವೇ ರೋಗಕ್ಕೆ ಮದ್ದಾಗಿತ್ತು.

"ಹೊಟ್ಟೆ ಎಳ್ಕೊಂಡು ನಿಂತಿತ್ತು," ಎಂದಳು ಕೇಬಲಕ್ಕ.

"ನಾನು ಹೇಳ್ಲಿಲ್ವಾ?" ಎಂದ ದರ್ಜಿ. ಅದರಲ್ಲಿ ಜಂಬವಿರಲಿಲ್ಲ, ಅಳತೆ ಸರಿಬಂದಾಗಿನ ತೃಪ್ತಿಯಷ್ಟೇ ಇತ್ತು. "ಹಾಗಾದ್ರೆ ಆ ಗುಂಡಿ ತೆಗೆದುಬಿಟ್ರೆ ಆಯ್ತಲ್ಲ?"

"ನಿಮಗೆ ಆಯ್ತು. ಉಳಿದ ಮುನ್ನೂರು ಮನೇಲಿ ಯಾರ್ಯಾರು ಒತ್ತಿದಾರೋ? ನಾನು ಆ್ಯಪ್ಪನ್ನೇ ತಿದ್ದಬೇಕು. ಮಗುವಿನ ಅಳು ಅಲಾರಂ ಅಂತ ಫೋನಿಗೆ ತಿಳಿಸಿ ಹೇಳಬೇಕು."

ಗುಂಡಿ ಒತ್ತಿಟ್ಟೇ ಇರಲಿ ಎಂದು ಹೇಳಿ ಅವಳು ತಿದ್ದಿದಳು. ದರ್ಜಿ ಮತ್ತೆ ಅವಳಿ ಜೇಬು ಸಿಕ್ಕಿಸಿಕೊಂಡು ಹೊಲಿಯಲು ಕೂತ. ಧ್ವನಿಮುದ್ರಣದ ಮಗು ಅತ್ತದ್ದೇ, ಮೆಷಿನ್ ಅರ್ಧ ಹೊಲಿಗೆಯಲ್ಲಿ ನಿಂತಿತು. ಅವನು ತಿರುಗಿ ನೋಡಿ ಹಲ್ಲು ಕಿರಿದ. ಎರಡನೆಯ ಫೋನಿನಲ್ಲಿ ಹುಲ್ಲಿನ ನಡುವೆ ಮರವೆದ್ದಿತ್ತು, ದಪ್ಪ ಬುಡದ ಮೂರು ಮರ. ಸಂಜೆಯೊಳಗೆ ಇಪ್ಪತ್ತಾರು ಸಲ ನೋಡಿದರು. ಒಮ್ಮೆ ಮಾತ್ರ ಗೆರೆಯೇ ಇರಲಿಲ್ಲ. ನೋಡಿದರೆ ಕೇಬಲಕ್ಕನ ಹಳೇ ಫೋನಿನ ಚಾರ್ಜೇ ಮುಗಿದಿತ್ತು. "ಸಾಕ್ಷಿ ನಿದ್ದೆಹೋಗಿದಾನೆ," ಎಂದು ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ.

ಐದೂವರೆಗೆ ಡ್ರೈವರಮ್ಮ ಬಂದಳು. ಗೆರೆ ತೋರಿಸಿದರೆ ನೋಡಲಿಲ್ಲ. ಹುಲ್ಲು, ಮರ ಎಂದು ಗಂಡ ವಿವರಿಸಹೊರಟರೆ ಕೈ ಅಡ್ಡ ಹಿಡಿದಳು. "ಚಿತ್ರ ಆಮೇಲೆ. ಮೊದಲು ಇಲ್ಲಿ ನಿಂತ್ಕೊಳ್ರೀ."

ತೊಟ್ಟಿಲಿಗೆ ಬೆನ್ನು ಮಾಡಿ ಗಂಡನನ್ನು ನಿಲ್ಲಿಸಿ, ಎದುರಿಗೆ ನಿಂತು ಅವನ ಎದೆಯ ಜೇಬಿನ ಮೇಲೆ ಅಂಗೈಯಿಟ್ಟಳು. ಅವನು ಕಣ್ಣು ಮುಚ್ಚಿಕೊಂಡ. ಹಗಲಿಡೀ ಸ್ಟೀರಿಂಗ್ ಹಿಡಿದ ಕೈ ಅದು. ಎಂಜಿನ್ನಿನ ನಡುಕದಲ್ಲೇ ಅದರ ಆರೋಗ್ಯ ತಿಳಿಯುವ ಕೈ. ಹಾಗೇ ನಿಂತರು. ತೊಟ್ಟಿಲಲ್ಲಿ ಎದ್ದ ಪುಟ್ಟಿ ಅಮ್ಮನನ್ನು ಕಂಡಳು, ಅಮ್ಮ ಬಂದೂ ಎತ್ತಿಕೊಳ್ಳದೆ ನಿಂತದ್ದನ್ನು ಕಂಡಳು. ತುಟಿ ಸೊಟ್ಟಗಾಯಿತು. ಮೊದಲ ರಾಗ ಹೊರಬಿತ್ತು.

ಡ್ರೈವರಮ್ಮನ ಅಂಗೈ ಕೆಳಗೆ ಫೋನು ಗುಡುಗುಟ್ಟಿತು. ಅಷ್ಟರಲ್ಲಾಗಲೇ ದರ್ಜಿ ತಿರುಗಿ ಎರಡು ಹೆಜ್ಜೆ ಹಾಕಿ ಆಗಿತ್ತು. ಅವಳ ಕೈ ಗಾಳಿಯಲ್ಲೇ ಉಳಿಯಿತು. ಎರಡನೇ ರಾಗಕ್ಕೆ ಬಾಯಿ ತೆರೆದಿದ್ದ ಪುಟ್ಟಿ ಅಪ್ಪನ ತೋಳಿನಲ್ಲಿ ಅದನ್ನು ಮರೆತು ಅವನ ಕೊರಳಿನ ಟೇಪು ಹಿಡಿದೆಳೆದಳು.

ಡ್ರೈವರಮ್ಮ ಕೋಟುಗಳ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಆಮೇಲೆ ಅಕ್ಕನಿಗೆ ಫೋನ್ ಮಾಡಿದಳು. "ಹೂಂ ಅಕ್ಕಾ, ಭಾನುವಾರ ಬಾ. ಇಲ್ಲ, ಮಗು ಬಟ್ಟೆ ಕಟ್ಟಿಡಲ್ಲ. ಎಲ್ಲಿಗೂ ಕಳಿಸಲ್ಲ. ಬರೋವಾಗ ನಿನ್ನ ಆ ಹರಿದ ಕೋಟು ತೊಗೊಂಡು ಬಾ, ನಮ್ಮನೆಯವರು ಸರಿಮಾಡಿ ಕೊಡ್ತಾರೆ. ತೊಗೊಂಡು ಬಾ ಅಷ್ಟೇ."

ಕೇಬಲಕ್ಕ ಹೊರಡಲು ಎದ್ದಳು. ಕೊರಳು ಏಕೋ ಹಗುರ ಅನಿಸಿ ಮುಟ್ಟಿ ನೋಡಿಕೊಂಡಳು. ಕೇಬಲ್ ಚೀಲದಲ್ಲೇ ಇತ್ತು. ಅಲ್ಲಿಯೇ ಇರಲಿ ಎಂದುಕೊಂಡು, ದರ್ಜಿಯ ಎದುರಿಗೆ ಬಂದು ತುಟಿ ಕಾಣುವಂತೆ ನಿಂತಳು.

"ಮಾಸ್ಟ್ರೇ, ಈ ಅವಳಿ ಜೇಬು ನಾನು ಒಯ್ಯಲಾ? ಆಫೀಸಲ್ಲಿ ಹನ್ನೊಂದು ಫೋನಿದಾವೆ. ಎಲ್ಲಾ ಹೊಟ್ಟೆ ಎಳ್ಕೊಂಡು ನಿಂತಿರೋವೇ."

"ಒಯ್ಯಿರಿ. ಅಳತೆ ಕಳಿಸಿದ್ರೆ ಉಳಿದವಕ್ಕೂ ಹೊಲೀತೀನಿ."

"ಆ ಪತ್ರಾನೂ ಕೊಡಿ. ಹರಿದುಹಾಕಿ ಬೇರೆ ಬರೀತೀನಿ. ತಪ್ಪಾಯ್ತು ಅಂತ, ನಿಮ್ಮ ಹೆಸರಿಗೇ."

ದರ್ಜಿ ಮಗಳನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಪ್ಯಾಟರ್ನುಗಳ ಕಟ್ಟಿನಲ್ಲಿ ಭದ್ರವಾಗಿ ಸಿಕ್ಕಿಸಿಟ್ಟಿದ್ದ ಆ ಕಾಗದದ ತುಂಡನ್ನು ನೋಡಿ ತಲೆಯಾಡಿಸಿದ.

"ಇದು ಕೊಡಲ್ಲ ಅಕ್ಕಾ, ಅಳತೆ ಇದೆ ಇದರಲ್ಲಿ. ಬೇರೆ ಬರೀರಿ. ಬರೆಯೋವಾಗ ಮಾತ್ರ ಇದಕ್ಕಿಂತ ಸ್ವಲ್ಪ ದೊಡ್ಡ ಕಾಗದ ತೊಗೊಳ್ಳಿ. ಪುಟ್ಟಿಗೊಂದು ಅಂಗಿ ಕತ್ತರಿಸಬೇಕು."